45 ದಾಟಿದ ಮೇಲೆ ಅತಿಥಿ ಶಿಕ್ಷಕರಾಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡವರು, ಮಕ್ಕಳು ಕಾಲೇಜು ಸೇರಿದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂರಲಾಗದವರು, ಎಂದೋ ಬಿ.ಎಡ್ ಮುಗಿಸಿ ಸರ್ಟಿಫಿಕೇಟನ್ನು ಬೀರುವಿನ ತಳದಲ್ಲಿ ಇಟ್ಟವರು. ಎಲ್ಲರೂ ಕೇಳುವುದು ಒಂದೇ: "ಈಗ ಶಾಲೆಗೆ ಸೇರಬಹುದಾ?" ನಾನು ಬಹಳ ವರ್ಷ ಆಫೀಸಿನಲ್ಲಿ ಲೆಕ್ಕ ಬರೆದು, ಆಮೇಲೆ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾದವಳು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹಾಕಿದ್ದೇನೆ.

ಅತಿಥಿ ಶಿಕ್ಷಕರು ಅಂದರೆ ನಿಖರವಾಗಿ ಯಾರು?

ಸರ್ಕಾರಿ ಶಾಲೆಯಲ್ಲಿ ಒಂದು ಕಾಯಂ ಹುದ್ದೆ ಇದೆ, ಆದರೆ ಅದರಲ್ಲಿ ಯಾರೂ ಇಲ್ಲ. ನಿವೃತ್ತಿಯಾಗಿರಬಹುದು, ವರ್ಗಾವಣೆ ಆಗಿರಬಹುದು, ನೇಮಕಾತಿಯೇ ನಡೆಯದೆ ಇರಬಹುದು. ಆ ಜಾಗಕ್ಕೆ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಗೌರವಧನದ ಮೇಲೆ ತೆಗೆದುಕೊಳ್ಳುವವರೇ ಅತಿಥಿ ಶಿಕ್ಷಕರು. ರಾಜ್ಯದಲ್ಲಿ ಈಗ ವರ್ಷಕ್ಕೆ 50,000ದ ಆಸುಪಾಸು ಜನ ಹೀಗೆ ಕೆಲಸ ಮಾಡುತ್ತಿದ್ದಾರೆ. ಅಂದರೆ ನಾವು ಹೆಸರಿಗೆ ಅತಿಥಿಗಳು. ನಾವಿಲ್ಲದಿದ್ದರೆ ಎಷ್ಟೋ ಶಾಲೆಗಳಲ್ಲಿ ಬಾಗಿಲು ತೆಗೆಯುವವರೂ ಇರುವುದಿಲ್ಲ.

ಖಾಸಗಿ ಶಾಲೆಯಲ್ಲಿ ಇದರ ರೂಪ ಬೇರೆ. ಅಲ್ಲಿ ಅದು ಲೀವ್ ವೇಕೆನ್ಸಿ. 2017ರ ತಿದ್ದುಪಡಿಯಾದ ಮೇಲೆ ಹೆರಿಗೆ ರಜೆ 26 ವಾರ. ಒಬ್ಬ ಟೀಚರ್ ರಜೆ ಹೋದರೆ ಆರು ತಿಂಗಳು ಆ ತರಗತಿಗೆ ಯಾರಾದರೂ ಬೇಕು. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ನಮ್ಮ ವಯಸ್ಸಿನವರಿಗೆ ಹೆಚ್ಚಾಗಿ ಸಿಗುವುದು ಈ ಜಾಗಗಳೇ. ಒಂದೆರಡು ದಿನದ ರಜೆಗೆ ಹೊರಗಿನವರನ್ನು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನು ಅರೇಂಜ್‌ಮೆಂಟ್ ಪೀರಿಯಡ್ ಅಂತ ಇದ್ದವರ ತಲೆಗೇ ಕಟ್ಟುತ್ತಾರೆ.

ವಯಸ್ಸಿನ ಮಿತಿ ಇದೆಯಾ?

ಕಾಯಂ ನೇಮಕಾತಿಗೆ ಇದೆ. ಸಾಮಾನ್ಯ ವರ್ಗದವರಿಗೆ 40ರ ಆಸುಪಾಸಿನಲ್ಲಿ ಬಾಗಿಲು ಮುಚ್ಚುತ್ತದೆ. ಮೀಸಲಾತಿ ಇರುವವರಿಗೆ ಇನ್ನು ಕೆಲವು ವರ್ಷ ಸಿಗುತ್ತದೆ. ಅತಿಥಿ ಶಿಕ್ಷಕರಲ್ಲಿ ಮಾತ್ರ 45, 50 ದಾಟಿದವರು ಬೇಕಾದಷ್ಟು ಜನ ಇದ್ದಾರೆ. ಕಾಯಂ ಶಿಕ್ಷಕರೇ 60ಕ್ಕೆ ನಿವೃತ್ತರಾಗುವುದರಿಂದ ಅದಾದ ಮೇಲೆ ಸರ್ಕಾರಿ ಶಾಲೆಯ ಆಸೆ ಬೇಡ. ಖಾಸಗಿ ಶಾಲೆಗಳು ಗಣಿತ, ವಿಜ್ಞಾನಕ್ಕಾದರೆ ಆಮೇಲೂ ಕರೆಯುತ್ತವೆ.

ಏನು ಓದಿರಬೇಕು?

1ರಿಂದ 5ನೇ ತರಗತಿಗೆ ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಡ್ ಅಥವಾ ಈಗಿನ ಡಿ.ಎಲ್.ಎಡ್. 6ರಿಂದ 8ಕ್ಕೆ ಪದವಿಯ ಜೊತೆ ಡಿ.ಎಡ್ ಅಥವಾ ಬಿ.ಎಡ್. ಹೈಸ್ಕೂಲಿಗೆ ಆಯಾ ವಿಷಯದಲ್ಲಿ ಪದವಿ ಮತ್ತು ಬಿ.ಎಡ್. ಪಿಯುಗೆ ಸ್ನಾತಕೋತ್ತರ ಪದವಿ ಬೇಕು. ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರ ಪಟ್ಟಿಗೆ ನೆಟ್, ಕೆ-ಸೆಟ್‌ನಂಥ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌ಡಿ. ಅದು ಬೇರೆಯದೇ ಲೋಕ, ಇಲ್ಲಿ ಬಿಟ್ಟಿದ್ದೇನೆ.

"ನನ್ನ ಹತ್ತಿರ ಬಿ.ಎಡ್ ಇದೆ, ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಅದಕ್ಕಿಂತ ಜಾಸ್ತಿ ಏನು ಬೇಕು?" ಅಂತ ಕೇಳುವವರು ಬಹಳ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿತು: 1ರಿಂದ 5ರ ಶಿಕ್ಷಕರ ಹುದ್ದೆಗೆ ಬಿ.ಎಡ್ ಅರ್ಹತೆಯಲ್ಲ. ನನಗೂ ಅದು ಸರಿಯೆನಿಸುತ್ತದೆ. ಆರು ವರ್ಷದ ಮಗುವಿಗೆ 'ಅ' ಬರೆಸುವುದು ಎಂಟನೇ ಕ್ಲಾಸಿಗೆ ಬೀಜಗಣಿತ ಹೇಳಿಕೊಡುವುದಕ್ಕಿಂತ ಕಷ್ಟ. ಎರಡನ್ನೂ ಮಾಡಿದವರು ಯಾರೂ ಇದಕ್ಕೆ ಇಲ್ಲ ಅನ್ನುವುದಿಲ್ಲ.

ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯಲೇಬೇಕಾ?

ಬರೆಯಿರಿ. ಅತಿಥಿ ಶಿಕ್ಷಕರ ಆಯ್ಕೆಯಲ್ಲಿ ಟಿಇಟಿ ಪಾಸಾದವರಿಗೆ ಆದ್ಯತೆ ಇದೆ. ನಿಮ್ಮ ಊರಿನಲ್ಲಿ ಇಬ್ಬರು ಅರ್ಜಿ ಹಾಕಿ ಒಬ್ಬರ ಹತ್ತಿರ ಟಿಇಟಿ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಪೇಪರ್ 1 ಇರುವುದು 1ರಿಂದ 5ನೇ ತರಗತಿಗೆ, ಪೇಪರ್ 2 ಇರುವುದು 6ರಿಂದ 8ಕ್ಕೆ. ಒಂದೊಂದೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ 60 ಪರ್ಸೆಂಟ್ ಬರಬೇಕು, ಅಂದರೆ 90 ಅಂಕ. ಹಿಂದೆ ಸರ್ಟಿಫಿಕೇಟಿಗೆ ಏಳು ವರ್ಷದ ಗಡುವು ಇತ್ತು. 2021ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಒಮ್ಮೆ ಪಾಸಾದರೆ ಜೀವನಪರ್ಯಂತ. 2011ರಿಂದ ಈಚೆಗೆ ಪಾಸಾಗಿ, ಅವಧಿ ಮುಗಿಯಿತು ಅಂತ ಸುಮ್ನೆ ಕೂತವರು ಸರ್ಟಿಫಿಕೇಟನ್ನು ಹುಡುಕಿ ತೆಗೆಯಿರಿ, ಅದು ಈಗಲೂ ನಡೆಯುತ್ತದೆ.

ನಮ್ಮ ವಯಸ್ಸಿನವರು ಒದ್ದಾಡುವುದು ಗಣಿತದಲ್ಲೋ ಕನ್ನಡದಲ್ಲೋ ಅಲ್ಲ. ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ ಅಂತ 30 ಅಂಕದ ಒಂದು ಭಾಗ ಇದೆ. ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಹೇಳಿದ ಮನೋವಿಜ್ಞಾನಿಗಳು ಪಿಯಾಜೆ, ವೈಗೋಟ್‌ಸ್ಕಿ ಎಲ್ಲ ಬರುವುದು ಅಲ್ಲೇ. "ಎರಡು ಮಕ್ಕಳನ್ನು ಸಾಕಿದ್ದೀನಿ, ನನಗೆ ಗೊತ್ತಿಲ್ವಾ" ಅಂದುಕೊಂಡು ಹೋದರೆ ಅಲ್ಲಿ ಎಡವುತ್ತೀರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ಆ ಭಾಗವನ್ನೇ ನಾಲ್ಕು ಸಲ ಮಾಡಿ.

ಬಿ.ಎಡ್ ಇಲ್ಲ. ಈ ವಯಸ್ಸಿನಲ್ಲಿ ಮಾಡಬಹುದಾ? ಕ್ಲಾಸಿಗೆ ಹೋಗದೆ ಕೊಡಿಸುತ್ತೇವೆ ಅನ್ನುವವರು ಇದ್ದಾರೆ.

ಮಾಡಬಹುದು. ಆದರೆ ಅದು 2015ರಿಂದ ಎರಡು ವರ್ಷದ ಕೋರ್ಸು. ನಿಯಮದ ಪ್ರಕಾರ ತರಗತಿಗೆ 80 ಪರ್ಸೆಂಟ್, ಶಾಲಾ ಇಂಟರ್ನ್‌ಶಿಪ್ಪಿಗೆ 90 ಪರ್ಸೆಂಟ್ ಹಾಜರಿ ಬೇಕು. ದೂರಶಿಕ್ಷಣದ ಬಿ.ಎಡ್ ಎಲ್ಲರಿಗೂ ಅಲ್ಲ. ಇಗ್ನೋದಂಥ ಕಡೆ ಸೇರಬೇಕಾದರೆ ಈಗಾಗಲೇ ಪ್ರಾಥಮಿಕ ಶಿಕ್ಷಕರ ತರಬೇತಿ ಆಗಿರಬೇಕು. ಬರೀ ಡಿಗ್ರಿ ಇಟ್ಟುಕೊಂಡು ಮನೆಯಲ್ಲಿ ಕೂತು ಬಿ.ಎಡ್ ಮಾಡಲು ಆಗುವುದಿಲ್ಲ.

ಹಾಜರಿ ಇಲ್ಲದೆ ಕೊಡಿಸುತ್ತೇವೆ ಅನ್ನುವ ಏಜೆಂಟರು ನನಗೂ ಫೋನ್ ಮಾಡಿದ್ದಾರೆ. ಫೀಸಿನ ಮೇಲೆ "ಅಟೆಂಡೆನ್ಸಿಗೆ" ಅಂತ ಬೇರೆಯೇ ಒಂದು ಮೊತ್ತ ಕೇಳುತ್ತಾರೆ. ದುಡ್ಡು ಹೋಗುವುದು ಒಂದು ಕಡೆ ಇರಲಿ. ಇಂಟರ್ನ್‌ಶಿಪ್ ಮಾಡದೆ ಬಂದವರು ಮೊದಲ ದಿನವೇ ತರಗತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. 50ರ ಹತ್ತಿರ ಇರುವವರು ಎರಡು ವರ್ಷ, ಇಷ್ಟು ದುಡ್ಡು ಹಾಕಿ ಮಾಡುವುದು ಲಾಭವಾ ಅಂತ ಕೇಳಿದರೆ, ಬರೀ ಅತಿಥಿ ಶಿಕ್ಷಕಿಯ ಗೌರವಧನ ನಂಬಿಕೊಂಡು ಬೇಡ ಅನ್ನುತ್ತೇನೆ.

ಎಷ್ಟು ಸಿಗುತ್ತದೆ?

2025-26ರಲ್ಲಿ ಪ್ರಾಥಮಿಕ ಶಾಲೆಗೆ ತಿಂಗಳಿಗೆ 12,000 ರೂಪಾಯಿ, ಹೈಸ್ಕೂಲಿಗೆ 12,500. ಅದಕ್ಕೂ ಮುಂಚೆ 10,000 ಮತ್ತು 10,500 ಇತ್ತು. ಆ ವರ್ಷದ ಬಜೆಟ್ಟಿನಲ್ಲಿ 2,000 ಏರಿಸಿದರು. ಪಕ್ಕದ ಕೋಣೆಯಲ್ಲಿ ಅದೇ ಪಾಠ ಮಾಡುವ ಕಾಯಂ ಶಿಕ್ಷಕರಿಗೆ ಇದರ ಹಲವು ಪಟ್ಟು ಬರುತ್ತದೆ. ಇದನ್ನು ನ್ಯಾಯ ಅಂತ ಯಾರೂ ಹೇಳಲಾರರು.

ಬೇಸಿಗೆ ರಜೆಗೆ ಸಂಬಳವಿಲ್ಲ. ಆದ್ದರಿಂದ ವರ್ಷಕ್ಕೆ 12 ತಿಂಗಳಲ್ಲ, 10 ತಿಂಗಳ ಲೆಕ್ಕ ಹಾಕಿ. ದುಡ್ಡು ತಿಂಗಳು ತಿಂಗಳು ಬರುತ್ತದೆ ಅಂತಲೂ ನಂಬಬೇಡಿ. ಅನುದಾನ ಬಿಡುಗಡೆಯಾಗಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ದಾಟಿ, ನಿಮ್ಮ ಖಾತೆಗೆ ಬರುವಷ್ಟರಲ್ಲಿ ಎರಡು ಮೂರು ತಿಂಗಳದ್ದು ಒಟ್ಟಿಗೆ ಆಗಿರುತ್ತದೆ. ಒಂದು ವರ್ಷ ನಮಗೆ ಗೌರಿ ಹಬ್ಬಕ್ಕೆ ಬರುತ್ತದೆ ಅಂದಿದ್ದ ದುಡ್ಡು ದಸರಾ ರಜೆ ಮುಗಿದ ಮೇಲೆ ಬಂತು. ನನ್ನ ಜೊತೆಗಿದ್ದ ಹುಡುಗಿ ಆ ತಿಂಗಳುಗಳಲ್ಲಿ ಮನೆ ಬಾಡಿಗೆಗೆ ಅಣ್ಣನ ಹತ್ತಿರ ಕೈಚಾಚಬೇಕಾಯಿತು.

ಹೆಂಗಸರಿಗೆ ಒಂದು ಅನುಕೂಲ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಮುಂಚೆ ತಾಲ್ಲೂಕು ಕೇಂದ್ರದಿಂದ ಹಳ್ಳಿ ಶಾಲೆಗೆ ಓಡಾಡುವುದರಲ್ಲೇ ಗೌರವಧನದ ಒಂದು ಪಾಲು ಕರಗುತ್ತಿತ್ತು. ಈಗ ಆ ಖರ್ಚಿಲ್ಲ. ಬಸ್ಸೇ ಇಲ್ಲದ ಊರಿಗೆ ಆಟೋಗೆ ಕೊಡಬೇಕಾದವರ ಕಥೆ ಬೇರೆ.

ಖಾಸಗಿ ಶಾಲೆಯಲ್ಲಿ?

ಶಾಲೆಗೊಂದು ಲೆಕ್ಕ. ಇಷ್ಟೇ ಅಂತ ಹೇಳಲು ಬರುವುದಿಲ್ಲ. ಮಾತನಾಡುವಾಗ ಮೂರು ವಿಷಯ ಬಾಯಿಬಿಟ್ಟು ಕೇಳಿ: ದಸರಾ ರಜೆಗೆ ಸಂಬಳ ಇದೆಯಾ, ರಜೆ ಹೋದವರು ಬೇಗ ಬಂದರೆ ನಿಮ್ಮ ಗತಿ ಏನು, ಪೇಪರ್ ತಿದ್ದುವುದು ನಿಮ್ಮ ಪಾಲಿಗೆ ಬರುತ್ತದಾ. ಉತ್ತರ ಬರಹದಲ್ಲಿರಲಿ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನೂ ಬಹಳ ಶಾಲೆಗಳು ಕೇಳುತ್ತವೆ. ಸೇವಾ ಸಿಂಧುವಿನಲ್ಲಿ ಮೊದಲೇ ಅರ್ಜಿ ಹಾಕಿಟ್ಟುಕೊಳ್ಳಿ.

ಅರ್ಜಿ ಎಲ್ಲಿ, ಹೇಗೆ ಹಾಕುವುದು?

ಇಲಾಖೆ ತಾಲ್ಲೂಕಿಗೆ ಇಷ್ಟು ಅಂತ ಹುದ್ದೆ ಕೊಡುತ್ತದೆ. ಬಿಇಒ ಕಚೇರಿ ಅದನ್ನು ಶಾಲೆಗಳಿಗೆ ಹಂಚುತ್ತದೆ. ಆಮೇಲೆ ಆಯ್ಕೆ ಶಾಲಾ ಮಟ್ಟದಲ್ಲೇ ನಡೆಯುತ್ತದೆ. ಮುಖ್ಯೋಪಾಧ್ಯಾಯರು (ಎಚ್‌ಎಂ) ಮತ್ತು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಸೇರಿ ಅರ್ಜಿಗಳನ್ನು ನೋಡಿ, ಅರ್ಹತೆ ಮತ್ತು ಅಂಕದ ಮೇಲೆ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಕೂತು ಆನ್‌ಲೈನ್ ಲಿಂಕಿಗೆ ಕಾಯುವುದಕ್ಕಿಂತ ಮೇ ಮೂರನೇ ವಾರದಲ್ಲಿ ಶಾಲೆಗೇ ಹೋಗಿ ಎಚ್‌ಎಂ ಅವರನ್ನು ಕಂಡು ಬನ್ನಿ. ಶಾಲೆ ಶುರುವಾಗುವುದು ಮೇ ಕೊನೆಗೆ. ಜೂನ್ ಎರಡನೇ ವಾರದ ಹೊತ್ತಿಗೆ ಹತ್ತಿರದ ಶಾಲೆಗಳೆಲ್ಲ ತುಂಬಿರುತ್ತವೆ.

ಯಾವ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಅಂತ ಸಿಆರ್‌ಪಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೆ, ಗೊತ್ತಿರುತ್ತದೆ. ಕ್ಲಸ್ಟರಿನ ಎಲ್ಲ ಶಾಲೆಗೂ ಓಡಾಡುವವರು ಅವರೇ. ಎಸ್‌ಎಸ್‌ಎಲ್‌ಸಿಯಿಂದ ಬಿ.ಎಡ್‌ವರೆಗಿನ ಅಂಕಪಟ್ಟಿ, ಟಿಇಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ, ಎಲ್ಲದರ ಜೆರಾಕ್ಸ್ ಎರಡು ಸೆಟ್ ಇಟ್ಟುಕೊಳ್ಳಿ. ಮದುವೆಯಾದ ಮೇಲೆ ಹೆಸರು ಬದಲಾದವರು ಅದನ್ನು ಮೊದಲೇ ಸರಿಮಾಡಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಗೌರವಧನ ಅಲ್ಲೇ ನಿಲ್ಲುತ್ತದೆ.

ಎಸ್‌ಡಿಎಂಸಿಯಲ್ಲಿ ಇರುವವರು ಮಕ್ಕಳ ತಂದೆ ತಾಯಿ. "ಮೇಡಮ್ಮೋರೆ, ವರ್ಷಪೂರ್ತಿ ಬರ್ತೀರೋ ಇಲ್ಲ ಮಧ್ಯದಲ್ಲಿ ಬಿಟ್ಟು ಹೋಗ್ತೀರೋ?" ಅಂತ ನೇರವಾಗಿ ಕೇಳುತ್ತಾರೆ. ಅವರ ಮಕ್ಕಳು ಮಧ್ಯದಲ್ಲಿ ಬಿಟ್ಟುಹೋದವರನ್ನು ನೋಡಿದ್ದಾರೆ, ಅದಕ್ಕೇ. ನಿಜವಾದ ಉತ್ತರವನ್ನೇ ಕೊಡಿ.

ಎರಡು ಮೂರು ವರ್ಷ ಮಾಡಿದರೆ ಕಾಯಂ ಆಗುತ್ತದಾ?

ಇಲ್ಲ. 2006ರ ಉಮಾದೇವಿ ಪ್ರಕರಣದ ಹೆಸರು ಕೇಳಿರಬಹುದು. ನಮ್ಮ ಕರ್ನಾಟಕದ್ದೇ ಕೇಸು. ತಾತ್ಕಾಲಿಕವಾಗಿ ಸೇರಿದವರು ಇಷ್ಟು ವರ್ಷ ದುಡಿದಿದ್ದೇವೆ ಅನ್ನುವ ಕಾರಣಕ್ಕೇ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಅತಿಥಿ ಶಿಕ್ಷಕರ ಆದೇಶಗಳಲ್ಲೂ ಅದೇ ಅರ್ಥದ ಸಾಲು ಇರುತ್ತದೆ.

ನನ್ನ ಅಭಿಪ್ರಾಯ ಪೂರ್ತಿ ನಿಂತಿರುವುದು ಈ ಒಂದು ವಿಷಯದ ಮೇಲೆ. ಈ ವ್ಯವಸ್ಥೆ 25ರ ಹುಡುಗ ಹುಡುಗಿಯರಿಗೆ ಒಳ್ಳೆಯದಲ್ಲ. ಮುಂದಿನ ವರ್ಷ ಆಗಬಹುದು, ಅದರ ಮುಂದಿನ ವರ್ಷ ಆಗಬಹುದು ಅಂತ ಕಾಯುತ್ತಾ ಅವರ ವಯಸ್ಸೇ ದಾಟಿಹೋಗುತ್ತದೆ. ಕಾಯಂ ಆಗುವ ಆಸೆ ಇಲ್ಲದವರಿಗೆ, ಮನೆಗೆ ಇನ್ನೊಂದು ಆದಾಯ ಅಥವಾ ಪೆನ್ಷನ್ ಇರುವವರಿಗೆ ಮಾತ್ರ ಇದು ಹೊಂದುತ್ತದೆ. ತಡವಾಗಿ ಬರುವುದೇ ಇಲ್ಲಿ ಅನುಕೂಲ.

ಹಾಗಾದರೆ ದುಡ್ಡಿನ ಅಗತ್ಯ ಇರುವ ಯುವಕರ ಜಾಗ ನಾವು ಕಿತ್ತುಕೊಂಡ ಹಾಗಾಗಲ್ವಾ?

ಕೆಲವು ಕಡೆ ಹೌದು. ತಾಲ್ಲೂಕು ಕೇಂದ್ರದ ಶಾಲೆಯ ಒಂದು ಹುದ್ದೆಗೆ ಹತ್ತು ಅರ್ಜಿ ಬರುತ್ತವೆ. ಅಲ್ಲಿ ಡಿ.ಎಡ್ ಮುಗಿಸಿದ ಹುಡುಗಿಯೊಬ್ಬಳು ಸಾಲಿನಲ್ಲಿ ನಿಂತಿದ್ದರೆ ನಾನಾದರೆ ಅರ್ಜಿ ಹಾಕುವುದಿಲ್ಲ. ಆದರೆ ಬಸ್ಸಿನಿಂದ ಇಳಿದು ಮುಕ್ಕಾಲು ಗಂಟೆ ನಡೆಯಬೇಕಾದ ಶಾಲೆಗಳಿವೆ, ಗಣಿತ, ಇಂಗ್ಲಿಷಿಗೆ ಜನವೇ ಸಿಗದ ಶಾಲೆಗಳಿವೆ. 2019ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದ ಮೇಲೆ ಇಂಗ್ಲಿಷಿನಲ್ಲಿ ಗಣಿತ ಹೇಳಿಕೊಡುವವರಿಗೆ ಬೇಡಿಕೆ ಇದ್ದೇ ಇದೆ. ಅಂಥ ಕಡೆ ಹೋಗಿ.

ಒಂದು ದಿನ ಹೇಗಿರುತ್ತದೆ?

ಹತ್ತಕ್ಕೆ ಮುಂಚೆ ಶಾಲೆಯಲ್ಲಿರಬೇಕು. ಪ್ರಾರ್ಥನೆ, ನಾಡಗೀತೆ, ದಿನಪತ್ರಿಕೆ ಓದುವುದು. ಹಾಲು ಕೊಡುವ ಹೊತ್ತು. ಕ್ಷೀರಭಾಗ್ಯ 2013ರಿಂದ ಇದೆ. ಲೋಟ ತೊಳೆಯುವ ಸಾಲು ಉದ್ದವಾದರೆ ಮೊದಲ ಪೀರಿಯಡ್ ಅರ್ಧ ಹೋಯಿತು ಅಂತಲೇ ಲೆಕ್ಕ. ಮಧ್ಯಾಹ್ನ ಬಿಸಿಯೂಟ. ಊಟದ ಮೇಲೆ ಕಣ್ಣಿಡುವುದೂ ನಿಮ್ಮ ಕೆಲಸವೇ. ನಾಲ್ಕು ಗಂಟೆ ದಾಟಿದ ಮೇಲೆ ಬೆಲ್. ಶನಿವಾರ ಬೆಳಗಿನ ಶಾಲೆ.

ಕಾಗದದ ಕೆಲಸ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಪಾಠ ಯೋಜನೆ, ಹಾಜರಿ, ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಪರೀಕ್ಷೆಗಳ ಅಂಕಗಳು, ಮಕ್ಕಳ ವಿವರ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು. ಆಫೀಸಿನಿಂದ ಬಂದವರಿಗೆ ಇದು ಕಷ್ಟವಲ್ಲ. ಎಕ್ಸೆಲ್ ಬರುತ್ತದೆ ಅಂತ ಗೊತ್ತಾದ ದಿನದಿಂದ ಶಾಲೆಯ ಕಂಪ್ಯೂಟರಿನ ಮುಂದೆ ನೀವೇ ಕೂರಬೇಕು. ಅದನ್ನು ಮೊದಲ ವಾರವೇ ಹೇಳಿಕೊಳ್ಳಬೇಡಿ, ಅಷ್ಟೇ!

ಕಾಯಂ ಶಿಕ್ಷಕರು ಚುನಾವಣೆ, ತರಬೇತಿ, ಸಮೀಕ್ಷೆ ಅಂತ ಹೋದಾಗ ಶಾಲೆ ನಡೆಸುವವರು ನಾವೇ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಕಳಿಸಿದರು. ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಇಂಥ ದಿನಗಳು ಬಂದಾಗ ಮೂರು ತರಗತಿ ಒಟ್ಟಿಗೆ ಕೂರಿಸಿ ಪಾಠ ಮಾಡಲು ತಯಾರಿರಿ.

ನಲಿ-ಕಲಿ ಅಂದರೆ ಏನು? ನನಗೆ ಅದೇ ಕೊಡುತ್ತಾರಂತೆ.

1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ಬೆಂಚು ಇರುವುದಿಲ್ಲ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಆ ಗುಂಪಿಗೆ ತಟ್ಟೆ ಅನ್ನುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಸಹಪಾಠಿಯ ಬೆಂಬಲ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತನ್ನ ಮೆಟ್ಟಿಲು ನೋಡಿಕೊಂಡು, ಅಲ್ಲಿರುವ ಲೋಗೋಗೆ (ಗುರುತಿನ ಚಿತ್ರಕ್ಕೆ) ಸರಿಯಾದ ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗುತ್ತಿರುತ್ತವೆ.

ಹೊಸಬರಿಗೆ ಮೊದಲ ವಾರ ಇದು ಸಂತೆ ಅನಿಸುತ್ತದೆ. ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ, ನಿಮಗೊಬ್ಬರಿಗೇ ಗೊತ್ತಿರುವುದಿಲ್ಲ. "ಮಿಸ್, ಅದು ಆ ತಟ್ಟೆ ಅಲ್ಲ" ಅಂತ ಎರಡನೇ ಕ್ಲಾಸಿನವಳು ಕೈ ಹಿಡಿದು ತೋರಿಸುತ್ತಾಳೆ. ತೋರಿಸಲಿ ಬಿಡಿ. ತರಬೇತಿ ಸಿಗುವವರೆಗೆ ಅವಳೇ ನಿಮ್ಮ ತರಬೇತುದಾರಳು.

ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ: ಮಂಡಿ. ದಿನಕ್ಕೆ ಹತ್ತಾರು ಸಲ ನೆಲಕ್ಕೆ ಕೂತು ಏಳಬೇಕು. ಮಂಡಿ ನೋವು ಇರುವವರು ಅದನ್ನು ಎಚ್‌ಎಂಗೆ ಮೊದಲೇ ಹೇಳಿ ಮೇಲಿನ ತರಗತಿ ಕೇಳಿಕೊಳ್ಳಿ. ಸಂಕೋಚ ಬೇಡ.

ಮಕ್ಕಳು ಹಿಂದೆ ಬಿದ್ದಿದ್ದಾರೆ, ಪಾಠ ಮುಗಿಸಲೋ, ಅವರಿಗೆ ಬರದಿರುವುದನ್ನು ಹೇಳಿಕೊಡಲೋ?

ಈ ಪ್ರಶ್ನೆ ಕೇಳಿದವರು ಆಗಲೇ ಕೆಲಸಕ್ಕೆ ಇಳಿದಿದ್ದಾರೆ ಅಂತ ಅರ್ಥ. ಆರನೇ ತರಗತಿಗೆ ಭಿನ್ನರಾಶಿ ಮಾಡಿಸಬೇಕು ಅಂತ ಹೋಗಿರುತ್ತೀರಿ. ಬೋರ್ಡಿನ ಮೇಲೆ 52ರಲ್ಲಿ 38 ಕಳೆಯಲು ಹೇಳಿದರೆ ಅರ್ಧ ತರಗತಿ 26 ಅಂತ ಬರೆಯುತ್ತದೆ. ನಮ್ಮಲ್ಲಿ ಒಬ್ಬಳನ್ನು ಕೇಳಿದೆ, ಹೇಗೆ ಬಂತು ಅಂತ. "ದೊಡ್ಡದ್ರಲ್ಲಿ ಚಿಕ್ಕದು ಕಳೀಬೇಕಲ್ವಾ ಮಿಸ್. ಎಂಟ್ರಲ್ಲಿ ಎರಡು ಹೋದ್ರೆ ಆರು, ಐದ್ರಲ್ಲಿ ಮೂರು ಹೋದ್ರೆ ಎರಡು." ಅವಳು ಉಡಾಫೆ ಮಾಡಿಲ್ಲ. ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ.

ಪೊರಕೆ ಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. ಐದು ಕಟ್ಟು, ಎರಡು ಬಿಡಿ ಕಡ್ಡಿ. "ನನಗೆ 38 ಕೊಡು" ಅಂದೆ. ಮೂರು ಕಟ್ಟು ತಕ್ಷಣ ಕೊಟ್ಟಳು. ಇನ್ನು ಎಂಟು. ಕೈಯಲ್ಲಿ ಬಿಡಿ ಇದ್ದದ್ದು ಎರಡೇ. ಆ ಎರಡನ್ನೂ ಉಳಿದ ಕಟ್ಟುಗಳನ್ನೂ ನೋಡಿದಳು, ನನ್ನನ್ನು ನೋಡಿದಳು. "ಬಿಚ್ಚಬಹುದಾ ಮಿಸ್?" ಅಂದಳು. ಅದಾದ ಮೇಲೆ ಸಾಲ ತಗೊಳ್ಳೋದು ಅಂದರೆ ಏನು ಅಂತ ನಾನು ಬಾಯಲ್ಲಿ ಹೇಳಬೇಕಾಗಲಿಲ್ಲ. ಅವಳೇ ಪಕ್ಕದವನಿಗೆ ತೋರಿಸುತ್ತಿದ್ದಳು. ಒಂದು ಕಟ್ಟು, ನಾಲ್ಕು ಕಡ್ಡಿ ಉಳಿದಿತ್ತು.

ಹಾಗಾಗಿ ಉತ್ತರ: ಬೆಳಗ್ಗೆ ಇಪ್ಪತ್ತು ನಿಮಿಷ ಬರದಿರುವುದಕ್ಕೆ, ಮಿಕ್ಕಿದ್ದು ಪಠ್ಯಕ್ಕೆ. ಎಚ್‌ಎಂ ಜೊತೆ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಸಿಆರ್‌ಪಿ ಬಂದ ದಿನ "ಪಾಠ ಎಲ್ಲಿಗೆ ಬಂತು" ಅನ್ನುವ ಪ್ರಶ್ನೆಗೆ ಒಬ್ಬರೇ ಉತ್ತರ ಕೊಡಬೇಕಾಗುತ್ತದೆ. ಎಂಟನೇ ತರಗತಿ ಸಿಕ್ಕಿದರೆ ಎನ್‌ಎಂಎಂಎಸ್ ಅನ್ನುವ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಗೆ ನಾಲ್ಕು ಮಕ್ಕಳನ್ನಾದರೂ ತಯಾರು ಮಾಡಿ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಬಡ ಮನೆಯ ಹೆಣ್ಣುಮಗು ಓದು ಬಿಡದೆ ಇರಲು ಅಷ್ಟು ದುಡ್ಡು ಸಾಕಾಗುವುದು ಉಂಟು.

ಗದರಿಸದೆ, ಹೊಡೆಯದೆ ಕ್ಲಾಸ್ ಹಿಡಿಯಲು ಆಗುತ್ತದಾ? ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತ ಹಿಡಿದೇ ಬರುತ್ತಿದ್ದರು.

ಬೆತ್ತ ಮರೆತುಬಿಡಿ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದೈಹಿಕ ಶಿಕ್ಷೆಯಷ್ಟೇ ಅಲ್ಲ, ಮಾನಸಿಕ ಹಿಂಸೆಯೂ ನಿಷೇಧ. "ಕತ್ತೆ", "ಮಂಕು" ಅನ್ನುವುದೂ ಅದರಲ್ಲಿ ಬರುತ್ತದೆ. ಅತಿಥಿ ಶಿಕ್ಷಕರ ಮೇಲೆ ದೂರು ಬಂದರೆ ವಿಚಾರಣೆಯವರೆಗೂ ಹೋಗುವುದಿಲ್ಲ, ಮಾರನೇ ದಿನದಿಂದ ಬರಬೇಡಿ ಅನ್ನುತ್ತಾರೆ.

ಮೊದಲ ಮೂರು ದಿನದಲ್ಲಿ ಎಲ್ಲರ ಹೆಸರು ಕಲಿಯಿರಿ. ಹಿಂದಿನ ಸಾಲಿನ ಹುಡುಗನನ್ನು ಹೆಸರು ಹಿಡಿದು ಕರೆದರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. ಧ್ವನಿ ಏರಿಸಬೇಡಿ. ತಡವಾಗಿ ಈ ಕೆಲಸಕ್ಕೆ ಬಂದವರ ಗಂಟಲು ಜುಲೈ ಹೊತ್ತಿಗೆ ಕೂತುಹೋಗುತ್ತದೆ. ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಳ್ಳಿ.

ಇನ್ನೊಂದು ಗಂಭೀರ ವಿಷಯ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ತಿಳಿಸುವುದು ಪೋಕ್ಸೊ ಕಾಯ್ದೆಯ ಪ್ರಕಾರ ನಿಮ್ಮ ಕರ್ತವ್ಯ. ತಿಳಿಸದಿರುವುದೇ ಅಪರಾಧ. "ನಾನು ಗೆಸ್ಟು, ನನಗ್ಯಾಕೆ" ಅನ್ನುವಂತಿಲ್ಲ. ಮಕ್ಕಳ ಸಹಾಯವಾಣಿ 1098.

ಎಚ್‌ಎಂ ನನ್ನ ಮಗನ ವಯಸ್ಸಿನವರು. ಹೇಗೆ ನಡೆದುಕೊಳ್ಳಲಿ?

"ಸಾರ್" ಅನ್ನಿ, ಕೆಲಸ ಕೇಳಿ ಮಾಡಿ. ಅವರಿಗೂ ಮುಜುಗರ ಇರುತ್ತದೆ. ಕೆಲವರು ನಾಲ್ಕು ದಿನದಲ್ಲಿ "ಅಮ್ಮ" ಅನ್ನಲು ಶುರುಮಾಡುತ್ತಾರೆ. ಅದು ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಅಮ್ಮನಿಗೆ ಪೀರಿಯಡ್ ಜಾಸ್ತಿ ಬೀಳುತ್ತದೆ, ನೋಡಿಕೊಳ್ಳಿ. ನಿಮ್ಮ ಹಳೆಯ ಆಫೀಸಿನಲ್ಲಿ ಹೇಗೆ ನಡೆಯುತ್ತಿತ್ತು ಅಂತ ಸ್ಟಾಫ್ ರೂಮಿನಲ್ಲಿ ಪದೇ ಪದೇ ಹೇಳಬೇಡಿ.

ಸೇರುವ ಮೊದಲು ನನ್ನ ಕೈಲಿ ಆಗುತ್ತದಾ ಅಂತ ಪರೀಕ್ಷಿಸಿ ನೋಡಬಹುದಾ?

ಖಂಡಿತ. ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ ಇದೆ, ಸ್ವಯಂಸೇವಕರಾಗಿ ಹೆಸರು ಹಾಕಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಾರಕ್ಕೆ ಕೆಲವು ತಾಸು ಪಾಠ ಮಾಡಬಹುದು. ಒಂದು ತಿಂಗಳಲ್ಲಿ ನಿಮಗೇ ತಿಳಿಯುತ್ತದೆ. ಪಠ್ಯಪುಸ್ತಕಗಳ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತ. ನೀವು ಓದಿದ ಪುಸ್ತಕವೇ ಈಗಲೂ ಇದೆ ಅಂದುಕೊಂಡು ಹೋಗಬೇಡಿ.

ಮಗಳ ಮನೆಗೆ ಅಮೆರಿಕಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಸಬ್‌ಸ್ಟಿಟ್ಯೂಟ್ ಟೀಚರ್ ಆಗಬಹುದಾ?

ವಿಸಿಟರ್ ವೀಸಾದಲ್ಲಿ ಆಗುವುದಿಲ್ಲ, ದುಡಿಯುವಂತಿಲ್ಲ. ಗ್ರೀನ್ ಕಾರ್ಡ್ ಅಥವಾ ಕೆಲಸದ ಪರವಾನಗಿ ಇರುವವರಿಗೆ ಅಲ್ಲಿ ನಿಜಕ್ಕೂ ಒಳ್ಳೆಯ ದಾರಿ. ನಿಯಮ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ 30 ದಿನದ ಸಬ್‌ಸ್ಟಿಟ್ಯೂಟ್ ಪರ್ಮಿಟ್ ಅಂತ ಇದೆ. ಬಿ.ಎಡ್ ಬೇಡ, ಯಾವುದೇ ವಿಷಯದ ಪದವಿ ಸಾಕು. ಆದರೆ ನಮ್ಮ ವಿಶ್ವವಿದ್ಯಾಲಯದ ಅಂಕಪಟ್ಟಿಯನ್ನು ಅಲ್ಲಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು, ಬೆರಳಚ್ಚು ಕೊಡಬೇಕು. ಅಲ್ಲಿ ಒಂದು ದಿನದ ರಜೆಗೂ ಹೊರಗಿನವರನ್ನು ಕರೆಯುತ್ತಾರೆ.

ವರ್ಷದ ಮಧ್ಯದಲ್ಲಿ ತೆಗೆದುಹಾಕಿದರೆ?

ಆಗುತ್ತದೆ. ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಕಾಯಂ ಶಿಕ್ಷಕರು ಆ ಜಾಗಕ್ಕೆ ಬಂದರೆ ಅತಿಥಿ ಶಿಕ್ಷಕರು ಹೊರಡಬೇಕು. ನೋಟಿಸ್ ಅವಧಿ ಅಂತೇನೂ ಇಲ್ಲ. ತಕ್ಷಣ ಸಿಆರ್‌ಪಿಗೆ ಹೇಳಿ. ಅದೇ ಕ್ಲಸ್ಟರಿನಲ್ಲಿ ಇನ್ನೊಂದು ಶಾಲೆಯಲ್ಲಿ ಜಾಗ ಇದ್ದರೆ ಸಿಗುತ್ತದೆ. ಅಲ್ಲಿಯವರೆಗೆ ಕೆಲಸ ಮಾಡಿದ ದಿನಗಳ ಹಾಜರಿಗೆ ಎಚ್‌ಎಂ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಬಾಕಿ ಗೌರವಧನ ಕೇಳಲು ಅದೊಂದೇ ಆಧಾರ.

ಮಾರ್ಚ್ ಕೊನೆಯಲ್ಲಿ ಏನು ಮಾಡಬೇಕು?

ಎಸ್‌ಎ-2 ಅಂಕಗಳನ್ನು ತುಂಬಿ ಮುಗಿಸಿ. ಅನುಭವ ಪ್ರಮಾಣಪತ್ರವನ್ನು ಎಚ್‌ಎಂ ಹತ್ತಿರ ಬರೆಸಿ, ಬಿಇಒ ಕಚೇರಿಯ ಮೇಲುಸಹಿ ಹಾಕಿಸಿಕೊಳ್ಳಿ. ರಜೆ ಶುರುವಾದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ. ಯಾವ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಹೆಸರಿನ ಎದುರು ಒಂದೊಂದು ಸಾಲು ಬರೆದು ಎಚ್‌ಎಂ ಕೈಗೆ ಕೊಟ್ಟು ಬನ್ನಿ. ಜೂನ್‌ನಲ್ಲಿ ಅದೇ ತರಗತಿಗೆ ನೀವೇ ಬರುತ್ತೀರೋ ಬೇರೆಯವರು ಬರುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ. ಯಾರು ಬಂದರೂ 52ರಲ್ಲಿ 38 ಕಳೆಯುವುದರಿಂದ ಮತ್ತೆ ಶುರುಮಾಡುವುದು ತಪ್ಪುತ್ತದೆ.